ಪರ್ಜ್ ಒತ್ತಿದರೂ ಹಳೆಯ ಪುಟವೇ? ಸಿಡಿಎನ್ ಕ್ಯಾಶ್ ದೋಷ ಹುಡುಕುವ ಕೈಪಿಡಿ

ಬೆಲೆ ಬದಲಾಯಿಸಿದ್ದೀರಿ. ಡೇಟಾಬೇಸ್‌ನಲ್ಲಿ ಹೊಸ ಬೆಲೆ ಇದೆ, ಅಡ್ಮಿನ್ ಪುಟದಲ್ಲೂ ಸರಿಯಾಗಿದೆ. ಸೈಟಿಗೆ ಬಂದವರಿಗೆ ಮಾತ್ರ ಹಳೆಯದೇ ಕಾಣುತ್ತಿದೆ. ಎಲ್ಲೋ ಒಂದು ಕ್ಯಾಶ್, ಅಂದರೆ ಪುಟವನ್ನು ಬೇಗ ಕೊಡಲು ಅದರ ಪ್ರತಿಯನ್ನು ಇಟ್ಟುಕೊಳ್ಳುವ ಜಾಗ, ಹಳೆಯದನ್ನೇ ಹಿಡಿದು ಕೂತಿದೆ. ಇಂಥ ಹೊತ್ತಲ್ಲಿ ಕೈ ಸೀದಾ ಹೋಗುವುದು ಸಿಡಿಎನ್ (ಪುಟಗಳ ಪ್ರತಿಗಳನ್ನು ಓದುಗರ ಹತ್ತಿರದ ಕೇಂದ್ರಗಳಿಂದ ಕೊಡುವ ಜಾಲ) ಡ್ಯಾಶ್‌ಬೋರ್ಡಿನ ‘ಪರ್ಜ್ ಎವೆರಿಥಿಂಗ್’, ಅಂದರೆ ಇಟ್ಟುಕೊಂಡ ಪ್ರತಿಗಳನ್ನೆಲ್ಲ ಅಳಿಸುವ ಗುಂಡಿಯ ಕಡೆಗೆ, ಅಲ್ವಾ? ಸ್ವಲ್ಪ ತಡೆಯಿರಿ. ಅದನ್ನು ಒತ್ತಿದ ಕ್ಷಣ ಹಳೆಯ ಪ್ರತಿಯ ಜೊತೆಗೆ ಅದು ಎಲ್ಲಿ ಕೂತಿತ್ತು, ಯಾವಾಗ ಬಂತು ಅನ್ನುವ ಸುಳಿವೂ ಹೋಗಿಬಿಡುತ್ತದೆ. ಮೊದಲು ಹೆಡರ್‌ಗಳನ್ನು, ಅಂದರೆ ಪುಟದ ಜೊತೆ ಬರುವ ವಿವರದ ಸಾಲುಗಳನ್ನು, ಉಳಿಸಿಕೊಳ್ಳಿ. ಆಮೇಲೆ ಬೇಕಿದ್ದರೆ ಒತ್ತಿ.

ಕಾಯುವ ಹಾಗೇ ಇಲ್ಲದ ಸಂದರ್ಭ ಒಂದಿದೆ: ಒಬ್ಬರ ಪುಟದಲ್ಲಿ ಇನ್ನೊಬ್ಬರ ಹೆಸರು, ವಿಳಾಸ, ಆರ್ಡರ್ ಕಾಣುತ್ತಿದ್ದರೆ. ಆಗ ಉಳಿದದ್ದೆಲ್ಲ ಬಿಟ್ಟು ಕೆಳಗಿನ ‘ಬೇರೆಯವರ ಖಾತೆ ಕಾಣುತ್ತಿದೆ’ ಭಾಗಕ್ಕೆ ಹೋಗಿ.

## ಏನನ್ನೂ ಮುಟ್ಟುವ ಮುಂಚೆ: ಏಜ್ ಓದಿ

ಹಳೆಯ ಪ್ರತಿ ಅಡಗಿ ಕೂರುವ ಜಾಗ ಒಂದೆರಡಲ್ಲ. ಓದುಗರ ಬ್ರೌಸರ್, ಅದರೊಳಗಿನ ಸರ್ವಿಸ್ ವರ್ಕರ್ (ಹಿಂದಿನಿಂದ ಓಡುವ ಸೈಟಿನ ಸ್ಕ್ರಿಪ್ಟ್), ಸಿಡಿಎನ್‌ನ ಎಡ್ಜ್ (ಓದುಗರ ಹತ್ತಿರದ ಕೇಂದ್ರ), ಎಡ್ಜ್ ಹಿಂದಿನ ಶೀಲ್ಡ್ (ಎಡ್ಜ್‌ಗೂ ನಿಮ್ಮ ಸರ್ವರ್‌ಗೂ ನಡುವಿನ ಕ್ಯಾಶ್), ನಿಮ್ಮ ಸರ್ವರ್ ಮುಂದೆ ನಿಂತ ಎಂಜಿನ್‌ಎಕ್ಸ್ ಅಥವಾ ವಾರ್ನಿಶ್, ಆಪ್ ಒಳಗಿನ ಪೇಜ್ ಕ್ಯಾಶ್, ರೆಡಿಸ್ (ಮೆಮೊರಿಯಲ್ಲಿ ಡೇಟಾ ಇಡುವ ತಂತ್ರಾಂಶ), ಕೊನೆಗೆ ಡೇಟಾಬೇಸ್‌ನ ರೀಡ್ ರೆಪ್ಲಿಕಾ (ಓದಲಿಕ್ಕೆ ಮಾತ್ರ ಇಟ್ಟ ನಕಲು). ಬೈಗುಳ ಮಾತ್ರ ಯಾವಾಗಲೂ ಸಿಡಿಎನ್‌ಗೇ.

ಕಾಸಿಲ್ಲದೆ ಆಗುವ ಮೊದಲ ಪರೀಕ್ಷೆ: ಹಳೆಯದು ಕಾಣುತ್ತಿರುವ ವಿಳಾಸವನ್ನು ಕರ್ಲ್‌ನಲ್ಲಿ (ಟರ್ಮಿನಲ್‌ನಿಂದ ಪುಟ ತರಿಸುವ ಆಜ್ಞೆ) ಕೇಳಿ, ಬರುವ ಹೆಡರ್ ನೋಡಿ. ದೊಡ್ಡ ಅಕ್ಷರದ ‘ಐ’ ಆಪ್ಷನ್ ಬೇಡ. ಅದು ಹೆಡರ್ ಮಾತ್ರ ಕೇಳುವ ಹೆಡ್ ವಿನಂತಿ ಕಳಿಸುತ್ತದೆ, ಕೆಲವು ಕಡೆ ಹೆಡ್‌ಗೂ ಗೆಟ್‌ಗೂ ಉತ್ತರ ಬೇರೆ ಬೇರೆ ಬರುತ್ತದೆ. ಪೂರ್ತಿ ಪುಟ ಕೇಳುವ ಗೆಟ್ ವಿನಂತಿಯನ್ನೇ ಕಳಿಸಿ, ಹೆಡರ್ ಮಾತ್ರ ತೆರೆಯ ಮೇಲೆ ಬರುವ ಹಾಗೆ ಮಾಡಿ, ಬಾಡಿಯನ್ನು ಬಿಸಾಕಿ. ಉತ್ತರ ಹೀಗಿದೆ ಅಂದುಕೊಳ್ಳಿ:

ಕ್ಯಾಶ್-ಕಂಟ್ರೋಲ್: ಪಬ್ಲಿಕ್, ಮ್ಯಾಕ್ಸ್-ಏಜ್=60, ಎಸ್-ಮ್ಯಾಕ್ಸ್‌ಏಜ್=3600
ಏಜ್: 2714
ಎಕ್ಸ್-ಕ್ಯಾಶ್: ಹಿಟ್

ಹಿಟ್ ಅಂದರೆ ಇಟ್ಟುಕೊಂಡ ಪ್ರತಿಯನ್ನೇ ಕೊಟ್ಟಿದೆ, ಮಿಸ್ ಅಂದರೆ ಪ್ರತಿ ಇಲ್ಲದೆ ಸರ್ವರನ್ನು ಕೇಳಿ ತಂದಿದೆ. ಪ್ರತಿಯನ್ನು ಎಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದು ಅನ್ನುವ ಅವಧಿ ಎರಡು: ಎಸ್-ಮ್ಯಾಕ್ಸ್‌ಏಜ್ ಸಿಡಿಎನ್‌ನಂಥ ಹಂಚಿಕೆಯ ಕ್ಯಾಶ್‌ಗಳಿಗೆ, ಮ್ಯಾಕ್ಸ್-ಏಜ್ ಬ್ರೌಸರ್‌ಗೆ. ಈ ಪ್ರತಿ 2714 ಸೆಕೆಂಡ್ ಹಳೆಯದು, ಅಂದರೆ ಸುಮಾರು 45 ನಿಮಿಷ. ಇನ್ನೂ 886 ಸೆಕೆಂಡ್ ಇದು ಹೀಗೇ ಇರುತ್ತದೆ. ಸಿಡಿಎನ್ ಹಠ ಮಾಡುತ್ತಿಲ್ಲ, ಒಂದು ಗಂಟೆ ಇಟ್ಟುಕೋ ಅಂತ ನೀವೇ ಹೇಳಿದ್ದೀರಿ.

ಈಗ ಲೆಕ್ಕ. ಹೆಡರ್ ನೋಡಿದ್ದು 11 ಗಂಟೆಗೆ. ಅದರಲ್ಲಿ ಏಜ್ ಕಳೆಯಿರಿ, 10:14:46 ಸಿಗುತ್ತದೆ. ಇದು ಆ ಪ್ರತಿಯ ಹುಟ್ಟಿದ ಹೊತ್ತು. ನೀವು ಬೆಲೆ ಬದಲಿಸಿದ್ದು 10:40ಕ್ಕೆ ಆಗಿದ್ದರೆ ಸಿಡಿಎನ್ ಆಮೇಲೆ ನಿಮ್ಮ ಸರ್ವರ್ ಕಡೆ ಬಂದೇ ಇಲ್ಲ, ತೊಂದರೆ ಅವಧಿಯದ್ದು ಅಥವಾ ಪರ್ಜ್‌ನದ್ದು. ಬದಲಿಸಿದ್ದು 9:50ಕ್ಕೆ ಆಗಿದ್ದರೆ ಕತೆ ಬೇರೆ. ಸಿಡಿಎನ್ 10:14ಕ್ಕೆ ಬಂದು ಕೇಳಿದೆ, ನಿಮ್ಮ ಕಡೆಯಿಂದಲೇ ಹಳೆಯದು ಹೋಗಿದೆ. ಆಗ ಸಿಡಿಎನ್‌ನಲ್ಲಿ ಎಷ್ಟು ಪರ್ಜ್ ಮಾಡಿದರೂ ಪ್ರಯೋಜನ ಇಲ್ಲ. ಈ ಒಂದು ಕಳೆಯುವ ಲೆಕ್ಕ ಅರ್ಧ ದಿನದ ಹುಡುಕಾಟ ಉಳಿಸುತ್ತದೆ, ಆದರೂ ಇದನ್ನು ಮಾಡುವವರು ಕಡಿಮೆ.

ಒಂದು ಎಚ್ಚರ: ‘ನನ್ನ ಪ್ರತಿ ಇನ್ನೂ ಸರಿಯಿದೆಯಾ’ ಅಂತ ಸಿಡಿಎನ್ ಕೇಳಿ, ನಿಮ್ಮ ಸರ್ವರ್ 304 (‘ಬದಲಾಗಿಲ್ಲ’) ಕೊಟ್ಟರೂ ಏಜ್ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗಿದ್ದರೂ ತೀರ್ಮಾನ ಬದಲಾಗದು. ಸುಳ್ಳು 304 ಕೊಟ್ಟದ್ದು ಕೂಡ ನಿಮ್ಮ ಸರ್ವರೇ. ಪುಟ ಬದಲಾದರೂ ಈಟ್ಯಾಗ್ (ಪುಟದ ಆವೃತ್ತಿಯ ಗುರುತು) ಅಥವಾ ಲಾಸ್ಟ್-ಮಾಡಿಫೈಡ್ ಬದಲಾಗುತ್ತಿಲ್ಲ ಅಂತ ಅರ್ಥ.

ಹೆಡರ್ ಹೆಸರು ಕಂಪನಿಯಿಂದ ಕಂಪನಿಗೆ ಬೇರೆ. ಕ್ಲೌಡ್‌ಫ್ಲೇರ್‌ನಲ್ಲಿ ಸಿಎಫ್-ಕ್ಯಾಶ್-ಸ್ಟೇಟಸ್, ಕ್ಲೌಡ್‌ಫ್ರಂಟ್ ಮತ್ತು ಫಾಸ್ಟ್‌ಲಿಯಲ್ಲಿ ಎಕ್ಸ್-ಕ್ಯಾಶ್. ಕ್ಯಾಶ್-ಸ್ಟೇಟಸ್ ಅನ್ನುವ ಸಮಾನ ಹೆಡರ್ 2022ರಲ್ಲಿ ಆರ್‌ಎಫ್‌ಸಿ 9211 (ಆರ್‌ಎಫ್‌ಸಿ ಅಂದರೆ ಅಂತರ್ಜಾಲದ ನಿಯಮಗಳ ದಾಖಲೆ) ಆಗಿ ಬಂತು, ಎಲ್ಲರೂ ಅದನ್ನು ಕಳಿಸುತ್ತಿಲ್ಲ. ಕ್ಲೌಡ್‌ಫ್ಲೇರ್ ‘ಡೈನಾಮಿಕ್’ ಅಂದರೆ ಆ ಪುಟವನ್ನು ಅದು ಇಟ್ಟುಕೊಂಡೇ ಇಲ್ಲ. ಎಚ್‌ಟಿಎಂಎಲ್ ಅನ್ನು ಅದು ತಾನಾಗಿ ಕ್ಯಾಶ್ ಮಾಡುವುದಿಲ್ಲ. ಇಲ್ಲದ ಪ್ರತಿಯನ್ನು ಪರ್ಜ್ ಮಾಡುತ್ತಾ ಕೂರಬೇಡಿ.

ಎರಡನೇ ಅಗ್ಗದ ಪರೀಕ್ಷೆ: ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮ್ನೆ ಒಂದು ಹೊಸ ಸಂಖ್ಯೆ ಸೇರಿಸಿ. ‘ಮಿಸ್’ ಬಂದು ಹೊಸ ಪುಟ ಸಿಕ್ಕಿದರೆ ಮೂಲ ಸರ್ವರ್ ಸರಿಯಾಗಿದೆ. ಮಿಸ್ ಬಂದೂ ಹಳೆಯ ಪುಟ ಸಿಕ್ಕಿದರೆ ದೋಷ ಸಿಡಿಎನ್ ಹಿಂದೆ. ‘ಹಿಟ್’ ಬಂದರೆ ನಿಮ್ಮ ಸಿಡಿಎನ್ ಕ್ವೆರಿಯನ್ನು, ಅಂದರೆ ಪ್ರಶ್ನಾರ್ಥಕ ಚಿಹ್ನೆಯ ಮುಂದಿನ ಭಾಗವನ್ನು, ಲೆಕ್ಕಕ್ಕೇ ತಗೊಳ್ಳುತ್ತಿಲ್ಲ. ಆಗ ಕರ್ಲ್‌ನ ರಿಸಾಲ್ವ್ ಆಪ್ಷನ್‌ನಲ್ಲಿ ಮೂಲ ಸರ್ವರ್‌ನ ಐಪಿ ಕೊಟ್ಟು ನೇರವಾಗಿ ಕೇಳಿ.

## ನನಗೆ ಮಾತ್ರ ಹಳೆಯದು, ಬೇರೆಯವರಿಗೆ ಹೊಸದು

ಇದು ಬಹುತೇಕ ಬ್ರೌಸರ್. ಪ್ರೈವೇಟ್ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಹೊಸದು ಬಂದರೆ ಸಿಡಿಎನ್ ಕಡೆ ನೋಡುವುದೇ ಬೇಡ.

ಆಮೇಲೆ ಡೆವ್‌ಟೂಲ್ಸ್‌ನ (ಬ್ರೌಸರ್‌ನಲ್ಲೇ ಇರುವ ತಪಾಸಣೆ ಉಪಕರಣ) ಅಪ್ಲಿಕೇಶನ್ ಟ್ಯಾಬ್‌ನಲ್ಲಿ ಸರ್ವಿಸ್ ವರ್ಕರ್ ಇದೆಯಾ ನೋಡಿ. ಯಾವತ್ತೋ ಆಫ್‌ಲೈನ್ ಸೌಲಭ್ಯಕ್ಕೆ ಅಂತ ಹಾಕಿದ ವರ್ಕರ್ ಎಚ್‌ಟಿಎಂಎಲ್ ಅನ್ನೂ ಇಟ್ಟುಕೊಂಡಿರಬಹುದು. ಅನ್‌ರಿಜಿಸ್ಟರ್ ಮಾಡಿ ನೋಡಿದರೆ ಗೊತ್ತಾಗುತ್ತದೆ. ಆದರೆ ನಿಮ್ಮ ಮಷಿನ್‌ನಲ್ಲಿ ತೆಗೆದರೆ ಓದುಗರ ಮಷಿನ್‌ನಲ್ಲಿ ಹೋಗುವುದಿಲ್ಲ. ಅದಕ್ಕೆ ಹಳೆಯ ಕ್ಯಾಶ್ ಅಳಿಸುವ ಹೊಸ ವರ್ಕರ್ ಫೈಲನ್ನು ಅದೇ ವಿಳಾಸದಲ್ಲಿ ಬಿಡಬೇಕು. ಫೈಲನ್ನೇ ಅಳಿಸಿಬಿಟ್ಟರೆ ಕೆಲಸ ಮುಗಿಯಿತು ಅಂತ ನಂಬಬೇಡಿ.

ಸಿಡಿಎನ್ ಪರ್ಜ್ ಬ್ರೌಸರ್ ತನಕ ಮುಟ್ಟುವುದಿಲ್ಲ. ಎಚ್‌ಟಿಎಂಎಲ್‌ಗೆ ಮ್ಯಾಕ್ಸ್-ಏಜ್=86400 ಕೊಟ್ಟಿದ್ದರೆ ಒಂದು ದಿನದ ಮಟ್ಟಿಗೆ ಆ ಪುಟ ನಿಮ್ಮ ಕೈ ತಪ್ಪಿದೆ. 301 (ಬೇರೆ ವಿಳಾಸಕ್ಕೆ ಶಾಶ್ವತವಾಗಿ ತಿರುಗಿಸುವ) ರೀಡೈರೆಕ್ಟ್ ಅಂತೂ ಇನ್ನೂ ಕೆಟ್ಟದು. ಅವಧಿ ಹೇಳದೆ ಕಳಿಸಿದ 301 ಅನ್ನು ಬ್ರೌಸರ್‌ಗಳು ಬಹಳ ಕಾಲ ನೆನಪಿಟ್ಟುಕೊಳ್ಳುತ್ತವೆ. ಖಚಿತ ಇಲ್ಲದ ರೀಡೈರೆಕ್ಟ್‌ಗೆ ಮೊದಲು ತಾತ್ಕಾಲಿಕದ 302 ಬಳಸಿ. ಬದಲಾಗುವ ಪುಟಕ್ಕೆ ನಾನು ಇಡುವುದು ಹೀಗೆ: ಬ್ರೌಸರ್‌ಗೆ ಮ್ಯಾಕ್ಸ್-ಏಜ್=0, ಸಿಡಿಎನ್‌ಗೆ ಬೇಕಾದಷ್ಟು ಎಸ್-ಮ್ಯಾಕ್ಸ್‌ಏಜ್. ಪರ್ಜ್ ಮಾಡಬಲ್ಲ ಕಡೆ ಜಾಸ್ತಿ ಹೊತ್ತು, ಮಾಡಲಾಗದ ಕಡೆ ಕಡಿಮೆ ಹೊತ್ತು.

ಡೆವ್‌ಟೂಲ್ಸ್‌ನ ‘ಡಿಸೇಬಲ್ ಕ್ಯಾಶ್’ ಟಿಕ್ ಮಾಡಿ, ಆದರೂ ಹಳೆಯದೇ ಬಂತು ಅಂತ ಗಾಬರಿಯಾಗಬೇಡಿ. ಅದು ಬ್ರೌಸರ್ ಕ್ಯಾಶ್ ಬಿಟ್ಟು, ವಿನಂತಿಯ ಜೊತೆ ನೋ-ಕ್ಯಾಶ್ ಕಳಿಸುತ್ತದೆ ಅಷ್ಟೇ. ಹೆಚ್ಚಿನ ಸಿಡಿಎನ್‌ಗಳು ಓದುಗರ ಕಡೆಯಿಂದ ಬಂದ ಆ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಯಾರು ಬೇಕಾದರೂ ನಿಮ್ಮ ಸರ್ವರನ್ನು ದಣಿಸಬಹುದು.

## ಎಲ್ಲರಿಗೂ ಹಳೆಯದು, ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ

ತಾನೇ ಸರಿಹೋಗುತ್ತದೆ ಅಂದರೆ ಅವಧಿ ಮುಗಿಯುತ್ತಿದೆ ಅಂತ. ಯಾರು ಕೊಟ್ಟ ಅವಧಿ ಅನ್ನುವುದೇ ಪ್ರಶ್ನೆ.

ಕ್ಯಾಶ್-ಕಂಟ್ರೋಲ್ ಹೆಡರೇ ಇಲ್ಲದಿದ್ದರೆ ಕ್ಯಾಶ್ ಸುಮ್ಮನಿರುವುದಿಲ್ಲ, ಊಹೆ ಮಾಡುತ್ತದೆ. ಆರ್‌ಎಫ್‌ಸಿ 9111ರ ಪ್ರಕಾರ ರೂಢಿಯ ಊಹೆ ಅಂದರೆ ಲಾಸ್ಟ್-ಮಾಡಿಫೈಡ್‌ನಿಂದ ಈಚೆಗೆ ಕಳೆದ ಕಾಲದ ಶೇ. 10. ನೂರು ದಿನದಿಂದ ಬದಲಾಗದ ಫೈಲ್ ಹತ್ತು ದಿನ ತಾಜಾ ಅನ್ನಿಸಿಕೊಳ್ಳಬಹುದು. ಕ್ಲೌಡ್‌ಫ್ರಂಟ್‌ನಲ್ಲಿ ಹೆಡರ್ ಇಲ್ಲದ್ದಕ್ಕೆ ರೂಢಿಯ ಅವಧಿ 24 ಗಂಟೆ. ಹೆಡರ್ ಇದೆ, ಆದರೂ ಮೀರುತ್ತಿದೆ ಅಂದರೆ ಡ್ಯಾಶ್‌ಬೋರ್ಡಿನ ನಿಯಮ ನೋಡಿ. ಯಾರೋ ಯಾವತ್ತೋ ‘ಎಡ್ಜ್‌ನಲ್ಲಿ ಇಷ್ಟು ಹೊತ್ತು ಇಡು, ಸರ್ವರ್ ಏನೇ ಹೇಳಲಿ’ ಅಂತ ಬರೆದಿಟ್ಟಿರುತ್ತಾರೆ.

ನೋ-ಕ್ಯಾಶ್ ಅಂದರೆ ಇಟ್ಟುಕೊಳ್ಳಬೇಡ ಅಂತ ಅಲ್ಲ. ಇಟ್ಟುಕೋ, ಆದರೆ ಪ್ರತಿ ಸಲ ನನ್ನನ್ನು ಕೇಳಿ ಕೊಡು ಅಂತ. ಇಡಲೇಬೇಡ ಅನ್ನುವುದಕ್ಕೆ ನೋ-ಸ್ಟೋರ್. ಎಚ್‌ಟಿಎಂಎಲ್ ಒಳಗೆ ಮೆಟಾ ಟ್ಯಾಗ್‌ನಲ್ಲಿ ಬರೆದ ಕ್ಯಾಶ್ ಸೂಚನೆ ಸಿಡಿಎನ್‌ಗೆ ಲೆಕ್ಕಕ್ಕಿಲ್ಲ. ಅದು ಹೆಡರ್ ಓದುತ್ತದೆ, ಪುಟ ಓದುವುದಿಲ್ಲ.

ಇಲ್ಲಿ ಜಾಸ್ತಿ ಜನ ಬೀಳುವ ಹಳ್ಳ ಸ್ಟೇಲ್-ವೈಲ್-ರಿವ್ಯಾಲಿಡೇಟ್. 2010ರ ಆರ್‌ಎಫ್‌ಸಿ 5861ರಲ್ಲಿ ಬಂದ ಒಳ್ಳೆಯ ಸೌಲಭ್ಯ ಇದು. ಅವಧಿ ಮುಗಿದ ಪ್ರತಿಯನ್ನು ಕೇಳಿದವರಿಗೆ ತಕ್ಷಣ ಕೊಟ್ಟು, ಹಿಂದಿನಿಂದ ಹೊಸದನ್ನು ತರಿಸಿಕೊಳ್ಳುತ್ತದೆ. ಎಸ್-ಮ್ಯಾಕ್ಸ್‌ಏಜ್=60 ಜೊತೆಗೆ ಇದನ್ನು 86400 ಅಂತ ಇಟ್ಟಿದ್ದೀರಿ ಅಂದುಕೊಳ್ಳಿ. ಜನ ತುಂಬಿದ ಮುಖಪುಟದಲ್ಲಿ ಏನೂ ಗೊತ್ತಾಗುವುದಿಲ್ಲ, ನಿಮಿಷಕ್ಕೊಮ್ಮೆ ಹೊಸದಾಗುತ್ತದೆ. ಆದರೆ ದಿನಕ್ಕೆ ಒಬ್ಬಿಬ್ಬರು ನೋಡುವ ಪುಟದಲ್ಲಿ 20 ಗಂಟೆ ಬಿಟ್ಟು ಬಂದವರಿಗೆ 20 ಗಂಟೆ ಹಳೆಯ ಪುಟವೇ ಸಿಗುತ್ತದೆ. ಅವರ ಹಿಂದೆ ಬಂದವರಿಗೆ ಹೊಸದು. ‘ಮೊದಲ ಸಲ ಹಳೆಯದು, ರಿಫ್ರೆಶ್ ಮಾಡಿದರೆ ಸರಿ’ ಅನ್ನುವ ದೂರು ಬಂದರೆ ಇದೇ ಅಂತ ಅನುಮಾನಿಸಿ. ಏಜ್ ಹೆಡರ್ ಎಸ್-ಮ್ಯಾಕ್ಸ್‌ಏಜ್‌ಗಿಂತ ದೊಡ್ಡದಾಗಿದ್ದರೆ ಅನುಮಾನ ನಿಜ. ಬೆಲೆ, ದಾಸ್ತಾನು ತೋರಿಸುವ ಪುಟಗಳಲ್ಲಿ ಆ ಕಿಟಕಿಯನ್ನು ಸೆಕೆಂಡುಗಳಲ್ಲಿಡಿ, ದಿನಗಳಲ್ಲಲ್ಲ.

## ರಿಫ್ರೆಶ್ ಮಾಡಿದಂತೆ ಹಳೆಯದು, ಹೊಸದು, ಮತ್ತೆ ಹಳೆಯದು

ಹಲವು ಸಲ ಕೇಳಿ, ಪ್ರತಿ ಸಲ ಮೂರು ವಿಷಯ ಬರೆದುಕೊಳ್ಳಿ: ಹಿಟ್ಟಾ ಮಿಸ್ಸಾ, ಏಜ್ ಎಷ್ಟು, ಯಾವ ಕೇಂದ್ರದಿಂದ ಬಂತು. ಸಿಎಫ್-ರೇ, ಎಕ್ಸ್-ಸರ್ವ್ಡ್-ಬೈ, ಎಕ್ಸ್-ಎಎಂಝಡ್-ಸಿಎಫ್-ಪಾಪ್ ಹೆಡರ್‌ಗಳಲ್ಲಿ ಕೇಂದ್ರದ ಹೆಸರು ವಿಮಾನ ನಿಲ್ದಾಣದ ಮೂರಕ್ಷರದ ಕೋಡ್‌ನಲ್ಲಿರುತ್ತದೆ.

ಕೋಡ್ ಬದಲಾದಾಗ ಪುಟವೂ ಬದಲಾದರೆ ಎರಡು ಕೇಂದ್ರಗಳಲ್ಲಿ ಎರಡು ವಯಸ್ಸಿನ ಪ್ರತಿಗಳಿವೆ. ಅವಧಿ ಮಾತ್ರ ನಂಬಿಕೊಂಡಿದ್ದರೆ ಇದು ಸಹಜ. ಪ್ರತಿ ಕೇಂದ್ರವೂ ತನ್ನ ಮೊದಲ ಓದುಗರು ಬಂದ ಹೊತ್ತಿನಿಂದ ಎಣಿಸುತ್ತದೆ. ಎರಡೂ ಸಲ ಮಿಸ್, ಏಜ್ ಸೊನ್ನೆ, ಆದರೂ ಪುಟ ಅದಲುಬದಲಾದರೆ ಸಿಡಿಎನ್ ನಿರಪರಾಧಿ. ಲೋಡ್ ಬ್ಯಾಲೆನ್ಸರ್ ಹಿಂದಿನ ಯಾವುದೋ ಒಂದು ಸರ್ವರ್‌ಗೆ ಹೊಸ ಕೋಡ್ ಹೋಗಿಲ್ಲ, ಇಲ್ಲವೇ ಅದರ ಒಳಗಿನ ಕ್ಯಾಶ್ ಖಾಲಿಯಾಗಿಲ್ಲ.

ಬ್ರೌಸರ್‌ನಲ್ಲಿ ಹಳೆಯದು, ಕರ್ಲ್‌ನಲ್ಲಿ ಹೊಸದು ಅನ್ನುವುದು ತಲೆ ಕೆಡಿಸುವ ರೂಪ. ಸರ್ವರ್ ‘ವೇರಿ: ಆಕ್ಸೆಪ್ಟ್-ಎನ್‌ಕೋಡಿಂಗ್’ ಕಳಿಸಿದರೆ ಬ್ರೋಟ್ಲಿಯಲ್ಲಿ ಕುಗ್ಗಿಸಿದ ಪ್ರತಿ, ಜಿಝಿಪ್‌ನಲ್ಲಿ ಕುಗ್ಗಿಸಿದ ಪ್ರತಿ, ಏನೂ ಕುಗ್ಗಿಸದ ಪ್ರತಿ ಅಂತ ಬೇರೆ ಬೇರೆ ಇರಬಹುದು. ಕರ್ಲ್ ತಾನಾಗಿ ಕುಗ್ಗಿಸಿದ್ದನ್ನು ಕೇಳುವುದಿಲ್ಲ. ಹಾಗಾಗಿ ನೀವು ನೋಡುತ್ತಿರುವುದು ಓದುಗರು ಯಾರೂ ನೋಡದ ಪ್ರತಿ. ಕಂಪ್ರೆಸ್ಡ್ ಆಪ್ಷನ್ ಹಾಕಿ ಕೇಳಿ, ಅಥವಾ ಬ್ರೌಸರ್ ಕಳಿಸುವ ಹೆಡರ್‌ಗಳನ್ನೇ ನಕಲು ಮಾಡಿ. ಮೊಬೈಲ್‌ಗೆ ಒಂದು, ಡೆಸ್ಕ್‌ಟಾಪ್‌ಗೆ ಒಂದು, ದೇಶಕ್ಕೊಂದು ಅಂತ ಕ್ಯಾಶ್ ಕೀ (ಕ್ಯಾಶ್ ಒಂದು ಪ್ರತಿಯನ್ನು ಗುರುತಿಸುವ ಹೆಸರು) ಹಿಗ್ಗಿಸಿದ್ದರೆ ಅವೂ ಬೇರೆ ಪ್ರತಿಗಳೇ. ಬರೀ ವಿಳಾಸ ಕೊಟ್ಟು ಮಾಡಿದ ಪರ್ಜ್ ಅವೆಲ್ಲವನ್ನೂ ಮುಟ್ಟುತ್ತದೆ ಅಂತ ಎಲ್ಲ ಸಿಡಿಎನ್‌ಗಳಲ್ಲೂ ಭರವಸೆ ಇಲ್ಲ.

## ಪರ್ಜ್ ಆಯ್ತು, ಆದರೂ ಹೋಗಲಿಲ್ಲ. ಅಥವಾ ಹೋಗಿ ವಾಪಸ್ ಬಂತು

ಮೊದಲು ಸುಲಭದ್ದು. ಪರ್ಜ್ ಮಾಡಿದ ವಿಳಾಸ, ಓದುಗರು ನೋಡುತ್ತಿರುವ ವಿಳಾಸ ಎರಡನ್ನೂ ಮೇಲೆ ಕೆಳಗೆ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ಡಬ್ಲ್ಯುಡಬ್ಲ್ಯುಡಬ್ಲ್ಯು ಇದೆಯಾ, ಕೊನೆಗೆ ಓರೆಗೆರೆ ಇದೆಯಾ, ಎಚ್‌ಟಿಟಿಪಿಎಸ್ಸಾ, ಜಾಹೀರಾತಿನ ಯುಟಿಎಂ ಬಾಲ ಅಂಟಿದೆಯಾ. ಕ್ಯಾಶ್‌ಗೆ ಇವೆಲ್ಲ ಬೇರೆ ಬೇರೆ ಪುಟಗಳು.

ಎರಡನೆಯದು, ಪರ್ಜ್ ನಿಜವಾಗಿಯೂ ಆಗಿದೆಯಾ? ಎಪಿಐ (ಕೋಡ್‌ನಿಂದ ಸಿಡಿಎನ್‌ಗೆ ಕೆಲಸ ಹೇಳುವ ದಾರಿ) 200 ಕೊಟ್ಟರೆ ವಿನಂತಿ ಒಪ್ಪಿಕೊಂಡಿದೆ ಅಂತ ಮಾತ್ರ. ಫಾಸ್ಟ್‌ಲಿ ಜಗತ್ತಿನಾದ್ಯಂತ ಸುಮಾರು 150 ಮಿಲಿಸೆಕೆಂಡ್‌ನಲ್ಲಿ ಅಳಿಸುತ್ತೇನೆ ಅನ್ನುತ್ತದೆ. ಕ್ಲೌಡ್‌ಫ್ರಂಟ್‌ನಲ್ಲಿ ಇನ್‌ವ್ಯಾಲಿಡೇಶನ್ ‘ಇನ್ ಪ್ರೋಗ್ರೆಸ್’ನಿಂದ ‘ಕಂಪ್ಲೀಟೆಡ್’ ಆಗುವ ತನಕ ಕಾಯಬೇಕು. ನಿಮ್ಮ ಕೋಡ್ ಒಂದೇ ಸಲಕ್ಕೆ ಸಾವಿರಾರು ಪರ್ಜ್ ಕಳಿಸುತ್ತಿದ್ದರೆ 429 (‘ವಿನಂತಿ ಅತಿಯಾಯಿತು’) ಬಂದು ಅರ್ಧ ಬಿದ್ದುಹೋಗಿರಬಹುದು. ಪರ್ಜ್‌ನ ಉತ್ತರವನ್ನು ಲಾಗ್ ಮಾಡದ ಸೈಟುಗಳೇ ಜಾಸ್ತಿ. ವಿಳಾಸ, ಹೊತ್ತು, ಉತ್ತರದ ಕೋಡ್, ಇಷ್ಟು ಲಾಗ್‌ನಲ್ಲಿ ಬೀಳಲಿ.

ಮೂರನೆಯದು, ಲೇಖನ ಪರ್ಜ್ ಆಯಿತು, ಆದರೆ ಅದರ ತಲೆಬರಹ ಕಾಣುವ ಮುಖಪುಟ, ವಿಭಾಗದ ಪುಟ, ಫೀಡ್, ಮೊಬೈಲ್ ಆಪ್‌ಗೆ ಹೋಗುವ ಜೇಸನ್ ಉಳಿದವು. ಒಂದು ಬೆಲೆ ಎಷ್ಟು ಪುಟದಲ್ಲಿದೆ ಅಂತ ಕೈಯಲ್ಲಿ ಪಟ್ಟಿ ಮಾಡುವುದು ಸೋಲುವ ಆಟ. ಇದಕ್ಕೆ ಸರಿಯಾದ ದಾರಿ ಟ್ಯಾಗ್. ಪುಟ ಕಟ್ಟುವಾಗ ಅದರಲ್ಲಿ ಬಳಸಿದ ಪ್ರತಿ ವಸ್ತುವಿನ ಗುರುತನ್ನು ಹೆಡರ್‌ನಲ್ಲಿ ಕಳಿಸಿ. ಫಾಸ್ಟ್‌ಲಿಯಲ್ಲಿ ಅದರ ಹೆಸರು ಸರೋಗೇಟ್-ಕೀ, ಕ್ಲೌಡ್‌ಫ್ಲೇರ್‌ನಲ್ಲಿ ಕ್ಯಾಶ್-ಟ್ಯಾಗ್. ಆಮೇಲೆ ‘ಪ್ರಾಡಕ್ಟ್-812 ಇರುವ ಎಲ್ಲವನ್ನೂ ಅಳಿಸು’ ಅಂದರೆ ಸಾಕು, ಅದು ಎಲ್ಲೆಲ್ಲಿದೆ ಅಂತ ನಿಮಗೆ ಗೊತ್ತಿರಬೇಕಿಲ್ಲ.

ಈಗ ನಿಜವಾದ ಕಳ್ಳ. ಪರ್ಜ್ ಸರಿಯಾಗಿ ಆಗಿದೆ, ಪುಟವೂ ಹೋಗಿದೆ, ಆದರೆ ಹಳೆಯದೇ ಮತ್ತೆ ಬಂದು ಪೂರ್ತಿ ಅವಧಿಗೆ ಕೂತಿದೆ. ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಪ್ರತಿಯ ಹುಟ್ಟಿದ ಹೊತ್ತು 10:14:46. ಪರ್ಜ್ ಲಾಗ್ ತೆರೆದರೆ 10:14:45 ಅಂತಿದೆ. ಒಂದೇ ಸೆಕೆಂಡ್ ವ್ಯತ್ಯಾಸ. ಹೀಗೆ ಕಂಡರೆ ಓಟದಲ್ಲಿ ಸೋತಿದ್ದೀರಿ ಅಂತ ತಿಳಿಯಿರಿ. ನಡೆದದ್ದು ಇಷ್ಟು. ಹೊಸ ಬೆಲೆ ಮುಖ್ಯ ಡೇಟಾಬೇಸ್‌ಗೆ ಬಿತ್ತು. ಕೋಡ್ ತಕ್ಷಣ ಪರ್ಜ್ ಕಳಿಸಿತು. ಸಿಡಿಎನ್ ಅಳಿಸಿತು. ಆ ಕ್ಷಣಕ್ಕೆ ಒಬ್ಬ ಓದುಗರು ಬಂದರು. ಸಿಡಿಎನ್ ನಿಮ್ಮ ಸರ್ವರ್ ಕಡೆ ಓಡಿತು. ಸರ್ವರ್ ರೆಪ್ಲಿಕಾದಿಂದ ಓದಿತು. ರೆಪ್ಲಿಕಾ ಇನ್ನೂ ಎರಡು ಸೆಕೆಂಡ್ ಹಿಂದಿತ್ತು. ಹಳೆಯ ಬೆಲೆಯ ಹೊಚ್ಚ ಹೊಸ ಪುಟ ತಯಾರಾಗಿ ಒಂದು ಗಂಟೆಗೆ ಎಡ್ಜ್‌ನಲ್ಲಿ ಕೂತಿತು. ಜನ ಜಾಸ್ತಿ ಇರುವ ಪುಟದಲ್ಲೇ ಇದು ಹೆಚ್ಚು ಆಗುತ್ತದೆ, ಅಳಿಸಿದ ಕೂಡಲೇ ಯಾರಾದರೂ ಕೇಳೇ ಕೇಳುತ್ತಾರೆ. ಟೆಸ್ಟ್ ಸೈಟಿನಲ್ಲಿ ಎಷ್ಟು ಪ್ರಯತ್ನಿಸಿದರೂ ಸಿಗದಿರುವುದು ಇದೇ ಕಾರಣಕ್ಕೆ.

ರೆಪ್ಲಿಕಾ ಇಲ್ಲದವರೂ ಪಾರಾಗುವುದಿಲ್ಲ. ಟ್ರಾನ್ಸಾಕ್ಷನ್ ಕಮಿಟ್ ಆಗುವ (ಬದಲಾವಣೆ ಡೇಟಾಬೇಸ್‌ನಲ್ಲಿ ಖಾಯಂ ಆಗುವ) ಮೊದಲೇ, ಅಂದರೆ ಸೇವ್ ಹುಕ್ ಒಳಗಿಂದಲೇ ಪರ್ಜ್ ಕಳಿಸಿದರೂ ಇದೇ ಗತಿ. ರೆಡಿಸ್‌ನಲ್ಲಿ ಹಳೆಯ ತುಣುಕು ಉಳಿದಿರುವಾಗ ಸಿಡಿಎನ್ ಪರ್ಜ್ ಮಾಡಿದರೂ ಅಷ್ಟೇ. ಸಿಡಿಎನ್‌ನ ಎಡ್ಜ್ ಮೊದಲು ಖಾಲಿಯಾಗಿ, ಶೀಲ್ಡ್ ಆಮೇಲೆ ಖಾಲಿಯಾದರೂ ಎಡ್ಜ್ ತನ್ನ ಹಳೆಯದನ್ನೇ ಶೀಲ್ಡ್‌ನಿಂದ ತುಂಬಿಕೊಳ್ಳುತ್ತದೆ. ಒಂದೇ ಕಂಪನಿಯ ಪದರಗಳಾದರೆ ಈ ಕ್ರಮವನ್ನು ಅವರು ನೋಡಿಕೊಳ್ಳಬೇಕು. ನೀವೇ ಎರಡು ಸಿಡಿಎನ್ ಅಥವಾ ಸಿಡಿಎನ್ ಜೊತೆ ಎಂಜಿನ್‌ಎಕ್ಸ್ ಜೋಡಿಸಿದ್ದರೆ ನೋಡಿಕೊಳ್ಳಬೇಕಾದವರು ನೀವು.

ಪರಿಹಾರ ಕ್ರಮದಲ್ಲಿದೆ. ಬಾವಿ ತೊಳೆಯದೆ ಬಿಂದಿಗೆ ಮಾತ್ರ ತೊಳೆದರೆ ಮತ್ತೆ ಕೆಸರೇ ತುಂಬುತ್ತದೆ. ಕಮಿಟ್ ಮುಗಿಯಲಿ, ಆಮೇಲೆ ಆಪ್ ಕ್ಯಾಶ್, ಆಮೇಲೆ ಸರ್ವರ್ ಮುಂದಿನ ಕ್ಯಾಶ್, ಆಮೇಲೆ ಶೀಲ್ಡ್, ಕೊನೆಗೆ ಎಡ್ಜ್. ರೆಪ್ಲಿಕಾ ಇದ್ದರೆ ಅದು ಹಿಂದೆ ಬೀಳುವ ಸಮಯಕ್ಕಿಂತ ಸ್ವಲ್ಪ ಜಾಸ್ತಿ ಕಾದು ಅದೇ ಪರ್ಜನ್ನು ಎರಡನೇ ಸಲ ಕಳಿಸಿ. ನೋಡಲು ಚೆನ್ನಾಗಿಲ್ಲ, ಆದರೆ ಕೆಲಸ ಮಾಡುತ್ತದೆ. ಇನ್ನೂ ಗಟ್ಟಿ ಬೇಕಿದ್ದರೆ ಈಗಷ್ಟೇ ಬದಲಾದ ವಸ್ತುವನ್ನು ಕೆಲವು ಸೆಕೆಂಡ್ ಮುಖ್ಯ ಡೇಟಾಬೇಸ್‌ನಿಂದಲೇ ಓದಿಸಿ. ಏನೇ ಮಾಡಿದರೂ ಪರ್ಜ್ ಒಂದನ್ನೇ ನಂಬಿ ಎಸ್-ಮ್ಯಾಕ್ಸ್‌ಏಜ್ ಅನ್ನು ಒಂದು ವರ್ಷ ಇಡಬೇಡಿ. ಪರ್ಜ್ ಯಾವತ್ತಾದರೂ ತಪ್ಪುತ್ತದೆ. ಆ ತಪ್ಪು ಎಷ್ಟು ಹೊತ್ತು ಉಳಿಯಬಹುದು ಅನ್ನುವುದನ್ನು ಅವಧಿಯೇ ನಿರ್ಧರಿಸುವುದು.

## ಹೊಸ ಪುಟ ಹಾಕಿದ್ದೇವೆ, ಕೆಲವರಿಗೆ 404

ಪ್ರಕಟಿಸುವ ಮುಂಚೆಯೇ ಯಾರೋ ಕೊಂಡಿ ತೆರೆದಿದ್ದಾರೆ. ಆಗ ಬಂದ 404 ಕೂಡ ಕ್ಯಾಶ್ ಆಗಿದೆ. 404ಗೆ ಕೆಲವು ಸೆಕೆಂಡುಗಳ ಎಸ್-ಮ್ಯಾಕ್ಸ್‌ಏಜ್ ಕೊಡಿ, ಪ್ರಕಟಿಸಿದಾಗ ಹೊಸ ವಿಳಾಸವನ್ನೂ ಪರ್ಜ್ ಪಟ್ಟಿಗೆ ಸೇರಿಸಿ.

## ಹೊಸ ಆವೃತ್ತಿ ಬಿಟ್ಟ ಮೇಲೆ ಬಿಳಿ ಪರದೆ, ಅಥವಾ ವಿನ್ಯಾಸ ಚೆಲ್ಲಾಪಿಲ್ಲಿ

ಕನ್ಸೋಲ್ ತೆರೆಯಿರಿ. ‘ಚಂಕ್ ಲೋಡ್ ಎರರ್’ ಅಥವಾ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಜೊತೆ ಎಚ್‌ಟಿಎಂಎಲ್‌ನ ಕೋನಾಕಾರದ ಆವರಣ ಕಾಣಿಸಿದರೆ ವಿಷಯ ಇದು: ಕ್ಯಾಶ್‌ನಲ್ಲಿರುವ ಹಳೆಯ ಎಚ್‌ಟಿಎಂಎಲ್ ಹಳೆಯ ಹ್ಯಾಶ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಹೆಸರಿನ ಸ್ಕ್ರಿಪ್ಟ್ ಕೇಳುತ್ತಿದೆ, ನೀವು ಅದನ್ನು ಅಳಿಸಿದ್ದೀರಿ. ಅದರ ಬದಲಿಗೆ ಸರ್ವರ್ ಮುಖಪುಟವನ್ನೇ 200 ಅಂತ ಕೊಟ್ಟು, ಸ್ಕ್ರಿಪ್ಟ್ ಜಾಗದಲ್ಲಿ ಎಚ್‌ಟಿಎಂಎಲ್ ಬಂದಿದೆ. ಅದೂ ಕ್ಯಾಶ್ ಆಗಿದ್ದರೆ ಇನ್ನೂ ಕಷ್ಟ.

ಹಳೆಯ ಆವೃತ್ತಿಯ ಫೈಲುಗಳನ್ನು ತಕ್ಷಣ ಅಳಿಸಬೇಡಿ. ಎಚ್‌ಟಿಎಂಎಲ್ ಗರಿಷ್ಠ ಎಷ್ಟು ಹೊತ್ತು ಬದುಕಬಹುದೋ ಅದಕ್ಕಿಂತ ಜಾಸ್ತಿ ದಿನ ಉಳಿಸಿ. ಮೊದಲು ಹೊಸ ಫೈಲು ಏರಿಸಿ, ಆಮೇಲೆ ಹೊಸ ಎಚ್‌ಟಿಎಂಎಲ್. ಹ್ಯಾಶ್ ಇರುವ ಫೈಲಿಗೆ ಒಂದು ವರ್ಷ, ಅಂದರೆ 31536000 ಸೆಕೆಂಡ್ ಮತ್ತು ಇಮ್ಮ್ಯೂಟಬಲ್ (ಬದಲಾಗುವುದಿಲ್ಲ ಅನ್ನುವ ಸೂಚನೆ) ಕೊಡಬಹುದು. ಹೆಸರಲ್ಲಿ ಹ್ಯಾಶ್ ಇಲ್ಲದ ಫೈಲಿಗೆ ಖಂಡಿತ ಬೇಡ.

## ಪುಟ ಸರಿ, ಫಾರ್ಮ್ ಕಳಿಸಿದರೆ ಮಾತ್ರ ತಪ್ಪು

ಬೆಳಿಗ್ಗೆ ಸರಿ, ಮರುದಿನ 403 (‘ಅನುಮತಿ ಇಲ್ಲ’). ಅಥವಾ ಲಾರಾವೆಲ್‌ನಲ್ಲಿ 419. ಪುಟದೊಳಗಿನ ಭದ್ರತಾ ಟೋಕನ್ ಪುಟದ ಜೊತೆಗೇ ಕ್ಯಾಶ್ ಆಗಿದೆ. ವರ್ಡ್‌ಪ್ರೆಸ್‌ನಲ್ಲಿ ನಾನ್ಸ್ ಅನ್ನುವ ಈ ಟೋಕನ್ ಹೆಚ್ಚೆಂದರೆ 24 ಗಂಟೆ ಬಾಳುತ್ತದೆ, ಅದಕ್ಕಿಂತ ಹಳೆಯ ಪುಟದಿಂದ ಬಂದ ಫಾರ್ಮ್ ಬೀಳಲೇಬೇಕು. ಟೋಕನ್ ಅನ್ನು ಬೇರೆ ನೋ-ಸ್ಟೋರ್ ವಿನಂತಿಯಲ್ಲಿ ತರಿಸಿ. ದಯವಿಟ್ಟು ಟೋಕನ್ ಪರೀಕ್ಷೆಯನ್ನೇ ತೆಗೆದುಹಾಕಬೇಡಿ.

## ಯಾವಾಗ ನೋಡಿದರೂ ಮಿಸ್

ಹಳೆಯದರ ತೊಂದರೆಗೆ ಹೆದರಿ ಕ್ಯಾಶನ್ನೇ ಕೊಂದವರಿಗೆ ಈ ಲಕ್ಷಣ. ಪ್ರತಿ ಪುಟದಲ್ಲೂ ಸೆಟ್-ಕುಕಿ ಹೋಗುತ್ತಿದೆಯಾ ನೋಡಿ. ಅಂಥ ಉತ್ತರವನ್ನು ಎಂಜಿನ್‌ಎಕ್ಸ್ ತಾನಾಗಿ ಕ್ಯಾಶ್ ಮಾಡುವುದಿಲ್ಲ, ಹಲವು ಸಿಡಿಎನ್‌ಗಳೂ ಅಷ್ಟೇ. ‘ವೇರಿ: ಕುಕಿ’ ಅಥವಾ ‘ವೇರಿ: ಯೂಸರ್-ಏಜೆಂಟ್’ ಇದ್ದರೆ ಹೆಚ್ಚುಕಡಿಮೆ ಪ್ರತಿ ಓದುಗರಿಗೂ ಒಂದೊಂದು ಪ್ರತಿ. ಜಾಹೀರಾತಿನ ಬಾಲಗಳನ್ನು ಕ್ಯಾಶ್ ಕೀಯಿಂದ ತೆಗೆಯಿರಿ. ಇಷ್ಟರಲ್ಲೇ ಹೆಚ್ಚಿನವು ಸರಿಹೋಗುತ್ತವೆ.

## ಬೇರೆಯವರ ಖಾತೆ ಕಾಣುತ್ತಿದೆ

ನಿಲ್ಲಿಸಿ. ಇದು ತಾಜಾತನದ ತೊಂದರೆ ಅಲ್ಲ, ಮಾಹಿತಿ ಸೋರಿಕೆ.

ಮೊದಲ ಕೆಲಸ ಆ ಪುಟಗಳಿಗೆ ಸಿಡಿಎನ್‌ನಲ್ಲಿ ಕ್ಯಾಶ್ ಬೈಪಾಸ್ (ಪ್ರತಿ ಇಟ್ಟುಕೊಳ್ಳದೆ ನೇರ ಸರ್ವರನ್ನೇ ಕೇಳುವ ನಿಯಮ) ಹಾಕುವುದು. ಎರಡನೆಯದು ಪರ್ಜ್. ಈ ಕ್ರಮ ಉಲ್ಟಾ ಮಾಡಬೇಡಿ. ಮೊದಲು ಪರ್ಜ್ ಮಾಡಿದರೆ ಮುಂದೆ ಬಂದವರ ಪುಟ ಮತ್ತೆ ಕ್ಯಾಶ್ ಆಗಿ, ಸೋರಿಕೆ ಹೆಸರು ಬದಲಿಸಿ ಮುಂದುವರಿಯುತ್ತದೆ. ಬೈಪಾಸ್ ಯಾವುದಕ್ಕೆ ಹಾಕಬೇಕು ಅಂತ ಗೊತ್ತಾಗದಿದ್ದರೆ ಎಲ್ಲ ಎಚ್‌ಟಿಎಂಎಲ್‌ಗೂ ಜೇಸನ್‌ಗೂ ಹಾಕಿ. ಸರ್ವರ್ ತಡೆಯದಿದ್ದರೆ ಸೈಟನ್ನು ನಿರ್ವಹಣೆ ಪುಟಕ್ಕೆ ತಿರುಗಿಸಿ. ಸೈಟ್ ನಿಧಾನವಾಗುವುದು, ನಿಲ್ಲುವುದು ಎರಡೂ ಇದಕ್ಕಿಂತ ವಾಸಿ. ಲಾಗ್ ಅಳಿಸಬೇಡಿ. ಭದ್ರತೆ ಮತ್ತು ಕಾನೂನು ನೋಡಿಕೊಳ್ಳುವವರಿಗೆ ಈಗಲೇ ಹೇಳಿ, ಸರಿಮಾಡಿದ ಮೇಲಲ್ಲ.

2015ರ ಡಿಸೆಂಬರ್ 25ರಂದು ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಆದದ್ದು ಇದೇ. ದಾಳಿಯ ದಟ್ಟಣೆ ತಡೆಯಲು ಹಾಕಿದ ಕ್ಯಾಶ್ ನಿಯಮವೊಂದು ತಪ್ಪಾಗಿ, ಒಬ್ಬರ ಪುಟ ಇನ್ನೊಬ್ಬರಿಗೆ ಹೋಯಿತು. ಸುಮಾರು 34,000 ಜನರ ಮಾಹಿತಿ ಹೀಗೆ ಕಂಡಿರಬಹುದು ಅಂತ ಕಂಪನಿಯೇ ಹೇಳಿತು. ಒತ್ತಡದಲ್ಲಿದ್ದಾಗ ‘ಎಲ್ಲವನ್ನೂ ಕ್ಯಾಶ್ ಮಾಡು’ ಅನ್ನುವ ನಿಯಮ ಹಾಕುವ ಮುಂಚೆ ಇದನ್ನು ನೆನೆಯಿರಿ.

ಕಾರಣ ಹುಡುಕುವಾಗ ಮೊದಲು ಆ ಡ್ಯಾಶ್‌ಬೋರ್ಡ್ ನಿಯಮಗಳನ್ನೇ ನೋಡಿ. ಆಮೇಲೆ ಲಾಗಿನ್ ಆದ ಪುಟಕ್ಕೆ ಪಬ್ಲಿಕ್ ಅಥವಾ ಎಸ್-ಮ್ಯಾಕ್ಸ್‌ಏಜ್ ಹೋಗುತ್ತಿದೆಯಾ ಅಂತ. ಅದಕ್ಕೆ ಹೋಗಬೇಕಾದದ್ದು ಪ್ರೈವೇಟ್, ನೋ-ಸ್ಟೋರ್. ಇನ್ನೊಂದು ದಾರಿ 2017ರಲ್ಲಿ ಬೆಳಕಿಗೆ ಬಂದ ವೆಬ್ ಕ್ಯಾಶ್ ಡಿಸೆಪ್ಷನ್. ಖಾತೆ ಪುಟದ ವಿಳಾಸದ ಕೊನೆಗೆ ಇಲ್ಲದ ಸಿಎಸ್‌ಎಸ್ ಫೈಲಿನ ಹೆಸರು ಅಂಟಿಸುತ್ತಾರೆ. ಸರ್ವರ್ ಅದನ್ನು ಲೆಕ್ಕಿಸದೆ ಖಾತೆ ಪುಟ ಕೊಡುತ್ತದೆ. ಸಿಡಿಎನ್ ಕೊನೆಯ ಅಕ್ಷರ ನೋಡಿ ‘ಸ್ಟೈಲ್ ಫೈಲ್’ ಅಂತ ಇಟ್ಟುಕೊಳ್ಳುತ್ತದೆ. ನಿಮ್ಮ ಪರೀಕ್ಷಾ ಖಾತೆಗಳಲ್ಲಿ ಎರಡನ್ನು ಎರಡು ಬ್ರೌಸರ್‌ನಲ್ಲಿ ತೆರೆದು ನೋಡಿ. ನಿಜವಾದ ಗ್ರಾಹಕರ ಖಾತೆಯಲ್ಲಿ ಪ್ರಯೋಗ ಮಾಡಬೇಡಿ.

## ‘ಪರ್ಜ್ ಎವೆರಿಥಿಂಗ್’ ಒತ್ತಲೇಬೇಕಾದರೆ

ಹಿಟ್ ಪ್ರಮಾಣ ಶೇ. 95 ಇದೆ ಅಂದರೆ ನಿಮ್ಮ ಸರ್ವರ್ ನೋಡುತ್ತಿರುವುದು ನೂರಕ್ಕೆ ಐದು ವಿನಂತಿ. ಎಲ್ಲವನ್ನೂ ಅಳಿಸಿದ ಕ್ಷಣಕ್ಕೆ ಅದು 20 ಪಟ್ಟು ಆಗಬಹುದು. ಪುಟ ಹಳೆಯದಾಗಿದೆ ಅಂತ ಹೊರಟು ಸೈಟನ್ನೇ ಮಲಗಿಸುವುದು ಹೀಗೆ. ಸಿಡಿಎನ್‌ನಲ್ಲಿ ಸಾಫ್ಟ್ ಪರ್ಜ್ ಇದ್ದರೆ ಅದನ್ನು ಬಳಸಿ, ಅದು ಪ್ರತಿಯನ್ನು ಅಳಿಸದೆ ‘ಹಳೆಯದು’ ಅಂತ ಗುರುತು ಮಾಡುತ್ತದೆ. ಒಂದೇ ಪುಟಕ್ಕೆ ಬಂದ ನೂರು ಮಿಸ್‌ಗಳನ್ನು ಒಂದೇ ವಿನಂತಿಯಾಗಿ ಸೇರಿಸುವ ಸೌಲಭ್ಯ ಚಾಲೂ ಇರಲಿ. ಎಂಜಿನ್‌ಎಕ್ಸ್‌ನಲ್ಲಿ ಅದು ಪ್ರಾಕ್ಸಿ ಕ್ಯಾಶ್ ಲಾಕ್. ಜನ ಕಡಿಮೆ ಇರುವ ಹೊತ್ತು ನೋಡಿ, ಭಾಗ ಭಾಗವಾಗಿ ಮಾಡಿ.

## ಯಾವಾಗ ಸಹಾಯ ಕೇಳಬೇಕು

ಮೂಲ ಸರ್ವರನ್ನು ನೇರವಾಗಿ ಕೇಳಿದಾಗ ಹೊಸದು ಬರುತ್ತಿದೆ, ಪರ್ಜ್ ಮುಗಿದಿದೆ ಅಂತ ತೋರಿಸುತ್ತಿದೆ, ಆದರೂ ಏಜ್ ಲೆಕ್ಕ ಹಾಕಿದರೆ ಪ್ರತಿಯ ಹುಟ್ಟು ಪರ್ಜ್‌ಗಿಂತ ಮುಂಚಿನದು. ಈ ಮೂರೂ ಕೂಡಿದರೆ ನಿಮ್ಮ ಕೈಯಲ್ಲಿ ಮಾಡುವುದು ಏನೂ ಉಳಿದಿಲ್ಲ, ಸಿಡಿಎನ್ ಬೆಂಬಲದವರಿಗೆ ಬರೆಯಿರಿ. ಒಂದೇ ಕೇಂದ್ರದಲ್ಲಿ ಮಾತ್ರ ಹಳೆಯದು ಉಳಿದಿದ್ದರೂ ಬರೆಯಿರಿ.

‘ಸೈಟ್ ಅಪ್‌ಡೇಟ್ ಆಗ್ತಿಲ್ಲ’ ಅಂತ ಒಂದು ಸಾಲು ಕಳಿಸಿದರೆ ‘ಕ್ಯಾಶ್ ಕ್ಲಿಯರ್ ಮಾಡಿ ನೋಡಿ’ ಅನ್ನುವ ಉತ್ತರವೇ ಬರುತ್ತದೆ. ಪೂರ್ತಿ ವಿಳಾಸ, ಯುಟಿಸಿಯಲ್ಲಿ ಹೊತ್ತು, ಕೇಂದ್ರದ ಮೂರಕ್ಷರದ ಕೋಡ್, ವಿನಂತಿಯ ಗುರುತು ಸಂಖ್ಯೆ, ಪರ್ಜ್‌ನ ಗುರುತು ಸಂಖ್ಯೆ, ಹಳೆಯ ಉತ್ತರದ ಎಲ್ಲ ಹೆಡರ್, ಮೂಲ ಸರ್ವರ್‌ನ ಉತ್ತರದ ಎಲ್ಲ ಹೆಡರ್, ಇವನ್ನು ಮೊದಲ ಪತ್ರದಲ್ಲೇ ಹಾಕಿ. ಕಳಿಸುವ ಮುಂಚೆ ಕುಕಿ ಮತ್ತು ಆಥರೈಸೇಶನ್ ಸಾಲುಗಳನ್ನು ಅಳಿಸಿ.